ಮೂರು ಕಿಲೋಮೀಟರ್ ಕೆಸರಿಗೊಂದು ಗಾಡಿ: ಆರು ತಿಂಗಳ ಹುಡುಕಾಟದ ದಾಖಲೆ

ಜೂನ್ 2025, ಮೂರನೆಯ ವಾರ

ಪುಣೆಯ ಕೋಥ್ರೂಡಿನ ನಮ್ಮ ಮನೆಯಿಂದ ಶಿರಸಿ ಸಮೀಪದ ಊರಿಗೆ ಸುಮಾರು 530 ಕಿಲೋಮೀಟರ್ ಆಗುತ್ತದೆ. ಹುಬ್ಬಳ್ಳಿಯವರೆಗೆ ರಾಷ್ಟ್ರೀಯ ಹೆದ್ದಾರಿ 48. ಸಾತಾರಾದಿಂದ ಕಾಗಲ್‌ವರೆಗಿನ ಆರು ಪಥದ ಕಾಮಗಾರಿಯ ಅಡ್ಡತಿರುವುಗಳನ್ನು ಸಹಿಸಿಕೊಂಡರೆ ಅಲ್ಲಿ ಯಾವ ಕಾರಾದರೂ ಸಾಕು. ಹುಬ್ಬಳ್ಳಿಯಿಂದ ಮುಂದಿನ ಡಾಂಬರು ದಾರಿಯ ಬಗ್ಗೆಯೂ ನನ್ನ ತಕರಾರಿಲ್ಲ. ತಕರಾರಿರುವುದು ಕೊನೆಯ ಮೂರು ಕಿಲೋಮೀಟರ್ ಮಣ್ಣಿನ ದಾರಿಯ ಬಗ್ಗೆ. ಕಳೆದ ವಾರ ಅಮ್ಮನನ್ನು ಊರಿಗೆ ಬಿಡಲು ಹೋದಾಗ ನಮ್ಮ ಹನ್ನೊಂದು ವರ್ಷದ ಸಣ್ಣ ಕಾರು ಅಲ್ಲಿಯೇ ಹುದುಲಿನಲ್ಲಿ ಹೊಟ್ಟೆ ಊರಿ ಕುಳಿತಿತು. ಎಪ್ಪತ್ತನಾಲ್ಕು ವರ್ಷದ ಅಮ್ಮ ಕೊಡೆ ಹಿಡಿದುಕೊಂಡು ಉಳಿದ ದಾರಿಯನ್ನು ನಡೆದೇ ಮನೆ ಸೇರಿದರು. ಮಳೆಗಾಲಕ್ಕೆ ಊರಲ್ಲಿರಬೇಕೆಂಬ ಅವರ ಹಟವನ್ನು ಬದಲಿಸುವುದಕ್ಕಿಂತ ಗಾಡಿ ಬದಲಿಸುವುದು ಸುಲಭವೆಂದು ಅಂದೇ ತೀರ್ಮಾನವಾಯಿತು.

ಗಾಡಿಗಳನ್ನು ನೋಡುವ ಮೊದಲು ದಾರಿಯನ್ನು ಅಳೆದೆ. ಚಿಕ್ಕಪ್ಪನ ಮಗನೂ ನಾನೂ ಟೇಪು ಹಿಡಿದು ಅರ್ಧ ದಿನ ಅಡ್ಡಾಡಿ ಬರೆದುಕೊಂಡ ಅಂಕಿಗಳು ಹೀಗಿವೆ. ಟ್ರ್ಯಾಕ್ಟರ್ ಚಕ್ರದ ಎರಡು ಗುಂಡಿಸಾಲುಗಳ ನಡುವಿನ ದಿಣ್ಣೆಯ ಎತ್ತರ, ಅತಿ ಕೆಟ್ಟ ಜಾಗದಲ್ಲಿ, 19 ಸೆಂಟಿಮೀಟರ್. ಹಳ್ಳ ದಾಟುವಲ್ಲಿ ಮಳೆ ಹೊಯ್ದ ಕೂಡಲೇ ನೀರಿನ ಆಳ 42 ಸೆಂಟಿಮೀಟರ್. ಎರಡು ತಾಸು ಬಿಟ್ಟು ನೋಡಿದರೆ ಒಂದು ಗೇಣು. ಮೂರನೆಯ ಅಳತೆಯನ್ನು ಆ ದಿನ ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮ ದಣಪೆಗೆ ನೂರು ಮಾರು ಮೊದಲು, ಎರಡು ತೋಟಗಳ ಚಿರೆಕಲ್ಲಿನ ಪಾಗಾರಗಳ ನಡುವೆ, ದಾರಿ ಇಕ್ಕಟ್ಟಾಗುತ್ತದೆ. ಅಲ್ಲಿಯ ಅಗಲ 1.92 ಮೀಟರ್.

ಜುಲೈ, ಮೊದಲ ವಾರ

ಮೊದಲ ಪಟ್ಟಿಯಲ್ಲಿ ಹತ್ತಾರು ಹೆಸರುಗಳಿದ್ದವು. ಎತ್ತರದ ನಿಲುವು, ಕಪ್ಪು ಪ್ಲಾಸ್ಟಿಕ್ಕಿನ ಅಂಚು, ಬೆಟ್ಟದ ಹಿನ್ನೆಲೆಯ ಜಾಹೀರಾತು ಇದ್ದ ಮಾತ್ರಕ್ಕೆ ಎಸ್‌ಯುವಿ ಎನ್ನಿಸಿಕೊಂಡವನ್ನೆಲ್ಲ ಒಂದೇ ಷರತ್ತಿನಿಂದ ಹೊಡೆದುಹಾಕಿದೆ: ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗಬೇಕು (ಫೋರ್ ಬೈ ಫೋರ್ ಎನ್ನುವುದು ಇದಕ್ಕೇ), ಜೊತೆಗೆ ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ರೇಂಜ್ ಗೇರು ಇರಬೇಕು. ಇಸುಜು ವಿ-ಕ್ರಾಸ್ ಈ ಷರತ್ತನ್ನು ದಾಟಿದರೂ ಅದರ ಉದ್ದ 5.3 ಮೀಟರ್, ಸೊಸೈಟಿಯಲ್ಲಿ ನಮಗೆ ಸಿಕ್ಕ ಪಾರ್ಕಿಂಗ್ ಐದು ಮೀಟರ್. ಟೊಯೋಟಾ ಫಾರ್ಚೂನರ್ ಹಳೆಯದಾದರೂ ನಮ್ಮ ಕೈಗೆಟುಕುವಂಥದ್ದಲ್ಲ. ಕೊನೆಗೆ ಉಳಿದವು ಐದು: ಮಾರುತಿ ಸುಜುಕಿ ಜಿಮ್ನಿ, ಮೂರು ಬಾಗಿಲಿನ ಮಹೀಂದ್ರಾ ಥಾರ್, ಐದು ಬಾಗಿಲಿನ ಥಾರ್ ರಾಕ್ಸ್, ಸ್ಕಾರ್ಪಿಯೋ-ಎನ್ ಮತ್ತು ಫೋರ್ಸ್ ಗೂರ್ಖಾ.

ಈ ಐದರ ಪೈಕಿ ಮೊದಲ ದಿನದಿಂದ ನನ್ನ ಮನಸ್ಸು ವಾಲಿದ್ದು ಗೂರ್ಖಾದ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಫೋರ್ಸ್ ಮೋಟರ್ಸ್‌ನ ಕೇಂದ್ರ ಕಚೇರಿ ಇಲ್ಲಿಯೇ ಆಕುರ್ಡಿಯಲ್ಲಿದೆ. ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಾದರೂ ಇಪ್ಪತ್ತು ವರ್ಷ ಪುಣೆಯ ನೀರು ಕುಡಿದವನಿಗೆ ಅಷ್ಟು ಪಕ್ಷಪಾತ ಸಹಜವೆಂದುಕೊಂಡಿದ್ದೇನೆ.

ಜುಲೈ, ಕೊನೆಯ ಭಾನುವಾರ

ಓದಿದ್ದು ಸಾಕು, ಓಡಿಸಿ ನೋಡೋಣವೆಂದು ಎರಡು ದಿನಕ್ಕೆ ಒಂದು ಥಾರ್ ಬಾಡಿಗೆಗೆ ತಂದು ಮುಳಶಿ ದಾಟಿ ತಾಮ್ಹಿಣಿ ಘಾಟಿನ ಕಡೆಗೆ ಹೋದೆವು. ಮಳೆಯಲ್ಲಿ ನೆನೆದ ಹುಲ್ಲಿನ ಇಳಿಜಾರಿನಲ್ಲಿ ನಿಲ್ಲಿಸಿ, ಚಹಾ ಕುಡಿದು, ಹಿಂದಕ್ಕೆ ತೆಗೆಯಲು ನೋಡಿದರೆ ಹಿಂದಿನ ಚಕ್ರಗಳು ಇದ್ದಲ್ಲಿಯೇ ತಿರುಗತೊಡಗಿದವು. ಫೋರ್ ಬೈ ಫೋರ್ ಹಾಕೋಣವೆಂದು ಸಣ್ಣ ಲಿವರಿಗೆ ಕೈ ಚಾಚಿದಾಗಲೇ ಗೊತ್ತಾದದ್ದು, ಆ ಲಿವರೇ ಇರಲಿಲ್ಲ. 2023ರ ಜನವರಿಯಲ್ಲಿ ಹಿಂಬದಿಯ ಚಕ್ರಗಳಿಗೆ ಮಾತ್ರ ಶಕ್ತಿ ಕೊಡುವ ಥಾರ್ ಕೂಡ ಬಂದಿದೆ. ಹೊರಗಿನಿಂದ ನೋಡುವವನಿಗೆ ಎರಡೂ ಅಣ್ಣತಮ್ಮಂದಿರು. ಪಡೆಯುವಾಗ ಕೇಳದೆ ಬಂದ ತಪ್ಪು ಪೂರ್ತಿ ನನ್ನದೇ. ಊರಿನ ಇಬ್ಬರು ಬಂದು, ಚಕ್ರದಡಿ ಕಲ್ಲು ಕೊಟ್ಟು, "ಹಳೂ, ಹಳೂ" ಎನ್ನುತ್ತ ದೂಡಿ ಮೇಲಕ್ಕೆ ಹತ್ತಿಸಿದರು. ಕೆಲಸದ ಮಾತೊಂದನ್ನು ಅಲ್ಲಿಯೇ ಕಲಿತಂತಾಯಿತು: ಹೆಸರನ್ನು ನೋಡಿ ಗಾಡಿ ಕೊಳ್ಳಬಾರದು, ಮಾದರಿಯ ಕೊನೆಯ ಅಕ್ಷರದವರೆಗೆ ಓದಬೇಕು. ರಾಕ್ಸ್‌ನಲ್ಲಿಯೂ ಫೋರ್ ಬೈ ಫೋರ್ ಸಿಗುವುದು ಡೀಸೆಲ್‌ಗೆ ಮಾತ್ರ. ಪೆಟ್ರೋಲ್ ರಾಕ್ಸ್ ಕೊಂಡವನಿಗೆ ಆ ಸೌಲಭ್ಯವೇ ಇಲ್ಲ.

ಆಗಸ್ಟ್, ಎರಡನೆಯ ವಾರ

ಈ ವಾರ ಡಿಫರೆನ್ಶಿಯಲ್ ವಿಷಯವನ್ನು ಅರ್ಥ ಮಾಡಿಕೊಳ್ಳುವುದರಲ್ಲಿಯೇ ಕಳೆಯಿತು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ ಒಂದೇ ಆಕ್ಸಲಿನ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗುವ ಅವಕಾಶವನ್ನು ಡಿಫರೆನ್ಶಿಯಲ್ ಕೊಡುತ್ತದೆ. ಡಾಂಬರಿನ ಮೇಲೆ ಇದು ಉಪಕಾರ, ಕೆಸರಿನಲ್ಲಿ ಅಪಕಾರ: ಒಂದು ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ನಿಂತರೆ ಎಂಜಿನ್ನಿನ ತಿರುಗುವಿಕೆಯೆಲ್ಲ ಅದಕ್ಕೇ ಹರಿದುಹೋಗಿ, ನೆಲ ಕಚ್ಚಿರುವ ಚಕ್ರ ಸುಮ್ಮನೆ ನಿಲ್ಲುತ್ತದೆ. ಹಿಂದೆ ಒಂದು, ಮುಂದೆ ಒಂದು ಚಕ್ರ ಹೀಗೆ ತೇಲಿದರೆ ಫೋರ್ ಬೈ ಫೋರ್ ಗಾಡಿಯೂ ಮಿಸುಕದು.

ಇದಕ್ಕೆ ಮದ್ದು ಎರಡು ಬಗೆ. ಗೂರ್ಖಾದಲ್ಲಿ ಮುಂದೆಯೂ ಹಿಂದೆಯೂ ಡಿಫರೆನ್ಶಿಯಲ್ಲನ್ನು ಪೂರ್ತಿ ಬೀಗ ಹಾಕಿದಂತೆ ಹಿಡಿದುಬಿಡುವ ಯಾಂತ್ರಿಕ ಲಾಕ್ ಇದೆ. ಐದರಲ್ಲಿ ಎರಡೂ ಕಡೆ ಹೀಗಿರುವುದು ಇದೊಂದಕ್ಕೇ. ಜಿಮ್ನಿಯಲ್ಲಿ ಲಾಕ್ ಇಲ್ಲ. ತೇಲುತ್ತಿರುವ ಚಕ್ರವನ್ನು ಬ್ರೇಕ್ ತಾನಾಗಿಯೇ ಹಿಡಿಯುತ್ತದೆ, ಆಗ ಶಕ್ತಿ ಅನಿವಾರ್ಯವಾಗಿ ಎದುರಿನ ಚಕ್ರಕ್ಕೆ ತಿರುಗುತ್ತದೆ. ಓಡಿಸುವಾಗ ಇವೆರಡರ ವ್ಯತ್ಯಾಸ ಕಿವಿಗೇ ಕೇಳುತ್ತದೆ. ಲಾಕ್ ಇರುವ ಗಾಡಿ ಮಾತಿಲ್ಲದೆ ಮೇಲೇರುತ್ತದೆ. ಬ್ರೇಕಿನದು ಒಂದೆರಡು ಕ್ಷಣ ಕಟಕಟನೆ ಗೊಣಗಿ, ಚಕ್ರ ಸ್ವಲ್ಪ ಜಾರಿದ ನಂತರ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಬಿಡದಿರುವುದೇ ಚಾಲಕನ ಕೆಲಸ.

ಲೋ ರೇಂಜಿನ ಲೆಕ್ಕವನ್ನೂ ಕೈಯಾರೆ ಹಾಕಿ ನೋಡಿದೆ. ಮ್ಯಾನುಯಲ್ ಜಿಮ್ನಿಯ ಮೊದಲ ಗೇರು 4.425, ಲೋ ರೇಂಜ್ 2.002, ಕೊನೆಯ ಅನುಪಾತ 4.09, ಗುಣಿಸಿದರೆ ಎಂಜಿನ್ ಮೂವತ್ತಾರು ಸುತ್ತು ತಿರುಗಿದಾಗ ಚಕ್ರ ಒಂದೇ ಸುತ್ತು. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗಿನಲ್ಲಿ ಈ ಟೈರಿಗೆ ಗಂಟೆಗೆ ಮೂರು ಕಿಲೋಮೀಟರಿಗಿಂತ ತುಸು ಕಡಿಮೆ ವೇಗ ಬರುತ್ತದೆ, ಅಂದರೆ ಅಮ್ಮ ಕೊಡೆ ಹಿಡಿದು ನಡೆದ ವೇಗ. 134 ನ್ಯೂಟನ್ ಮೀಟರ್ ಟಾರ್ಕಿನ, ಅಂದರೆ ತಿರುಗಿಸುವ ಬಲದ, ಎಂಜಿನ್ ಸಣ್ಣದೆಂಬ ಆಕ್ಷೇಪವನ್ನು ನಾನು ಕೈಬಿಟ್ಟದ್ದು ಈ ಲೆಕ್ಕದ ನಂತರ. ಥಾರ್ ಡೀಸೆಲ್ಲಿನ ಟಾರ್ಕ್ 300, ಗೂರ್ಖಾದ 2.6 ಲೀಟರ್ ಎಂಜಿನ್ನಿನದು 320 ಎಂಬುದು ನಿಜವಾದರೂ, 1,200 ಕಿಲೋ ಆಸುಪಾಸಿನ ಜಿಮ್ನಿ ಎಳೆಯಬೇಕಾದ ಮೈಭಾರವೂ ಅವುಗಳಿಗಿಂತ ಬಹಳ ಕಡಿಮೆ. ಹುದುಲಿನಲ್ಲಿ ಹಗುರ ಗಾಡಿ ಕಡಿಮೆ ಹುಗಿಯುತ್ತದೆ ಎಂಬುದು ಎತ್ತಿನ ಗಾಡಿಯ ಕಾಲದಿಂದ ಊರಿನವರಿಗೆ ಗೊತ್ತಿರುವ ವಿಷಯ.

ಆಗಸ್ಟ್, ಕೊನೆಯ ವಾರ

ಊರಿನಿಂದ ಗಣೇಶ ಚತುರ್ಥಿಗೆ ಬಂದಿದ್ದ ಅಮ್ಮನನ್ನು ಶೋರೂಮುಗಳಿಗೆ ಕರೆದುಕೊಂಡು ಹೋದೆ. ಮಾರಾಟದ ಹುಡುಗರು ನನಗೆ ಪರದೆಯ ಗಾತ್ರ ವಿವರಿಸುತ್ತಿದ್ದಾಗ ಅಮ್ಮ ಬಾಗಿಲ ಬಳಿ ನಿಂತು ಹಿಡಿಕೆಯನ್ನು ಹುಡುಕುತ್ತಿದ್ದರು. ಗೂರ್ಖಾದ ಮುಂದೆ ಅವರು ಹೇಳಿದ್ದು ಒಂದೇ ಮಾತು: "ಇದಕ್ಕೆ ಹತ್ತಲಿಕ್ಕೆ ಏಣಿ ಬೇಕಲ್ಲೋ, ಅಟ್ಟ ಹತ್ತಿದ ಹಾಗೆ." ಮೂರು ಬಾಗಿಲಿನ ಥಾರಿನಲ್ಲಿ ಮುಂದಿನ ಸೀಟು ಮಡಚಿ ಹಿಂದಕ್ಕೆ ನುಸುಳಬೇಕು; ಅಮ್ಮ ಮುಂದೆ ಕೂತರೂ ಹಿಂದೆ ಹೋಗಬೇಕಾದ ನನ್ನ ಹೆಂಡತಿ ಸೀರೆಯುಟ್ಟ ದಿನ ಅದು ಆಗದ ಕೆಲಸ. ಜಿಮ್ನಿಗೆ ಅಮ್ಮ ಒಂದು ಕೈ ಹಿಡಿಕೆಗೆ, ಇನ್ನೊಂದು ಕೈ ನನ್ನ ಭುಜಕ್ಕೆ ಕೊಟ್ಟು ಹತ್ತಿದರು. ರಾಕ್ಸ್‌ಗೆ ಹತ್ತುವುದು ಇನ್ನೂ ಸುಲಭ, ಕೂತ ಮೇಲಿನ ಸುಖವೂ ಬೇರೆಯೇ. ಆ ಸಂಜೆ ಮನೆಯಲ್ಲಿ ಬಹುಮತ ರಾಕ್ಸ್‌ಗೆ ಬಿತ್ತು.

ಸೆಪ್ಟೆಂಬರ್

ತೆರಿಗೆಯ ಬದಲಾವಣೆಯ ಸುದ್ದಿ ಬಂದದ್ದರಿಂದ ಸೆಪ್ಟೆಂಬರ್ 22ರವರೆಗೆ ಯಾರೂ ಕೊಳ್ಳುವ ಮಾತಾಡಲಿಲ್ಲ. ಹೊಸ ಜಿಎಸ್‌ಟಿಯಲ್ಲಿ ಪಟ್ಟಿಯ ಐದೂ ಗಾಡಿಗಳ ಫೋರ್ ಬೈ ಫೋರ್ ಮಾದರಿಗಳು ಶೇ. 40ರ ಸಾಲಿನಲ್ಲಿಯೇ ಕುಳಿತಿವೆ. ಜಿಮ್ನಿ ನಾಲ್ಕು ಮೀಟರಿಗಿಂತ ಚಿಕ್ಕದಾದರೂ 1462 ಸಿಸಿಯ ಪೆಟ್ರೋಲ್ ಎಂಜಿನ್ 1200ರ ಮಿತಿಯನ್ನು ದಾಟುವುದರಿಂದ ಶೇ. 18ರ ಲಾಭ ಅದಕ್ಕಿಲ್ಲ. ಮೊದಲು ಸೆಸ್ ಸೇರಿ ಜಿಮ್ನಿಗೆ ಶೇ. 45, ರಾಕ್ಸ್‌ಗೆ ಶೇ. 50 ಇತ್ತು, ಇಳಿಕೆ ರಾಕ್ಸ್‌ಗೇ ಹೆಚ್ಚು. ಇಷ್ಟಾದರೂ ಮಹಾರಾಷ್ಟ್ರದ ರಸ್ತೆ ತೆರಿಗೆ, ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಗಾಡಿಗೆ ಪೆಟ್ರೋಲಾದರೆ ಶೇ. 12, ಡೀಸೆಲಾದರೆ ಶೇ. 14 ಇರುವುದರಿಂದ ಆನ್-ರೋಡ್ ಬೆಲೆಯ ಅಂತರ ಪೂರ್ತಿ ಮುಚ್ಚಲಿಲ್ಲ.

ಡೀಸೆಲ್ ಬಗ್ಗೆ ನಾನಾ ಪೇಠೆಯ ಗ್ಯಾರೇಜಿನಲ್ಲಿ ಕೇಳಿದೆ. ಮೇಸ್ತ್ರಿ ಸೋಲಾಪುರದ ಕಡೆಯವರು, ನಮ್ಮೊಡನೆ ಕನ್ನಡದಲ್ಲಿಯೇ ಮಾತು. "ದಿನಾ ಎಷ್ಟು ಓಡಸ್ತೀರಿ ಸರ?" ಎಂದರು. ಕಚೇರಿಗೆ ಆರು ಕಿಲೋಮೀಟರ್ ಎಂದಾಗ ತಲೆಯಾಡಿಸಿದರು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಹೊಗೆ ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿಯಿರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಬಿಸಿಯಾಗಿ ಹದವಾದ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಕರ್ವೆ ರಸ್ತೆಯ ಸಿಗ್ನಲ್ಲುಗಳ ನಡುವೆ ದಿನವೂ ಆರು ಕಿಲೋಮೀಟರ್ ತೆವಳುವ ಗಾಡಿಗೆ ಆ ಯೋಗವಿಲ್ಲ. ವಾರಕ್ಕೊಮ್ಮೆ ಹೆದ್ದಾರಿಗೆ ಒಯ್ದು ಓಡಿಸಿದರೆ ಸಾಕೆಂದು ಅವರೇ ಪರಿಹಾರ ಹೇಳಿದರು, ಆದರೆ ಗಾಡಿಯನ್ನು ನಾಯಿಯ ಹಾಗೆ ಸುತ್ತಾಡಿಸಲು ನನಗೆ ಭಾನುವಾರಗಳು ಹೆಚ್ಚಿಲ್ಲ.

ಅಕ್ಟೋಬರ್, ದಸರೆಯ ನಂತರ

ಹೆಂಡತಿಯ ಪ್ರಶ್ನೆಯನ್ನು ಯಥಾವತ್ತಾಗಿ ದಾಖಲಿಸುತ್ತೇನೆ: "527 ಕಿಲೋಮೀಟರ್ ಡಾಂಬರಿನ ಮೇಲೆ ಹೋಗೋರು ನೀವು, ಮೂರು ಕಿಲೋಮೀಟರ್ ಕೆಸರಿಗಾಗಿ ಗಾಡಿ ಆರಿಸ್ತಾ ಇದೀರಲ್ಲ?" ಅವಳ ಕೈಯಲ್ಲಿದ್ದದ್ದು ಸುರಕ್ಷತೆಯ ಪಟ್ಟಿ, ಗಾಡಿಯನ್ನು ಡಿಕ್ಕಿ ಹೊಡೆಸಿ ನೋಡುವ ಎನ್‌ಕ್ಯಾಪ್ ಪರೀಕ್ಷೆಗಳದು. ಥಾರ್ ರಾಕ್ಸ್‌ಗೆ 2024ರ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ, ಸ್ಕಾರ್ಪಿಯೋ-ಎನ್‌ಗೆ 2022ರ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು, ಮೂರು ಬಾಗಿಲಿನ ಥಾರಿಗೆ 2020ರಲ್ಲಿ ನಾಲ್ಕು. ಮೂರು ಬಾಗಿಲಿನ ಜಿಮ್ನಿಗೆ 2018ರ ಯೂರೋ ಎನ್‌ಕ್ಯಾಪ್‌ನಲ್ಲಿ ಮೂರು. ಭಾರತದ ಐದು ಬಾಗಿಲಿನ ಜಿಮ್ನಿಯಲ್ಲಿ ಆರು ಏರ್‌ಬ್ಯಾಗ್‌ಗಳಿವೆ ಎಂದು ನಾನು ಹೇಳಿದ್ದು ಉತ್ತರವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಹೆದ್ದಾರಿಯ ಮಟ್ಟಿಗೆ ಅವಳ ಮಾತು ಸರಿ. ಹಿಂದಿನ ಸೀಟು ನಿಲ್ಲಿಸಿದಾಗ ಜಿಮ್ನಿಯ ಡಿಕ್ಕಿಯಲ್ಲಿ ಉಳಿಯುವ 208 ಲೀಟರ್ ಜಾಗ ನಾಲ್ವರ ಸಾಮಾನಿಗೆ ಸಾಲದೆಂಬ ಅವಳ ಎರಡನೆಯ ಆಕ್ಷೇಪವೂ ಸರಿ.

ಆ ರಾತ್ರಿ ಜೂನ್ ತಿಂಗಳ ಪುಟ ತೆರೆದು, ಬದಿಗಿಟ್ಟಿದ್ದ ಮೂರನೆಯ ಅಳತೆಯ ಎದುರು ಐದೂ ಗಾಡಿಗಳ ಅಗಲ ಬರೆದೆ. ಸ್ಕಾರ್ಪಿಯೋ-ಎನ್ 1917 ಮಿಲಿಮೀಟರ್: ಪಾಗಾರದ ನಡುವೆ ಉಳಿಯುವುದು ಒಟ್ಟು ಮೂರು ಮಿಲಿಮೀಟರ್. ರಾಕ್ಸ್ 1870, ಗೂರ್ಖಾ 1865: ಎಷ್ಟೇ ನಡುಮಧ್ಯದಲ್ಲಿ ಓಡಿಸಿದರೂ ಒಂದೊಂದು ಬದಿಗೆ ಎರಡೂವರೆ ಸೆಂಟಿಮೀಟರ್ ಆಸುಪಾಸು. ಮೂರು ಬಾಗಿಲಿನ ಥಾರ್ 1820: ಐದು ಸೆಂಟಿಮೀಟರ್. ಜಿಮ್ನಿ 1645: ಹದಿಮೂರೂವರೆಗಿಂತ ಹೆಚ್ಚು. ಇವೆಲ್ಲ ಕನ್ನಡಿ ಬಿಟ್ಟು ಹೇಳಿದ ಅಂಕಿಗಳು. ಪಾಗಾರ ನಮ್ಮದಲ್ಲ; ಕೆಡವಿ ಹಿಂದಕ್ಕೆ ಕಟ್ಟಿಕೊಡುತ್ತೇವೆಂದು ಅಪ್ಪ ಬದುಕಿದ್ದಾಗ ಒಮ್ಮೆ ಕೇಳಿ, ಎರಡು ಮನೆಗಳ ನಡುವೆ ಒಂದು ವರ್ಷ ಮಾತು ನಿಂತಿತ್ತು. ಹೆಂಡತಿ ಪುಟವನ್ನು ನೋಡಿ, "ಇದನ್ನ ಜೂನ್‌ನಲ್ಲೇ ಬರೆದಿದ್ದರೆ ನಾಲ್ಕು ಶೋರೂಮ್ ಉಳೀತಿತ್ತು" ಎಂದಳು.

ಅಕ್ಟೋಬರ್, ದೀಪಾವಳಿ

ಕನ್ನಡ ಸಂಘದ ಗೆಳೆಯರೊಬ್ಬರ ಜಿಮ್ನಿಯನ್ನು ನಾಲ್ಕು ದಿನಕ್ಕೆ ಕೇಳಿ ಪಡೆದು ಊರಿಗೆ ಹೋದೆವು. ಹೆದ್ದಾರಿಯಲ್ಲಿ ಗಂಟೆಗೆ ತೊಂಬತ್ತರವರೆಗೆ ನೆಮ್ಮದಿ. ಅದಕ್ಕಿಂತ ಮೇಲೆ ಗಾಳಿಯ ಸದ್ದು ಮಾತನ್ನು ನುಂಗುತ್ತದೆ, ಲಾರಿಯನ್ನು ಹಿಂದಿಕ್ಕುವಾಗ ಒಂದು ಗೇರು ಇಳಿಸದೆ ಗತಿಯಿಲ್ಲ. ಲೀಟರಿಗೆ ಹದಿನೈದು ಕಿಲೋಮೀಟರ್ ಸಿಕ್ಕಿತು. ಟ್ಯಾಂಕು 40 ಲೀಟರಿನದಾದ್ದರಿಂದ ಧಾರವಾಡದಲ್ಲಿ ಮತ್ತೆ ತುಂಬಿಸಿದೆ.

ಹಿಂದಿನ ದಿನದ ಮಳೆಗೆ ದಾರಿ ಹದವಾಗಿ ಕೆಟ್ಟಿತ್ತು. ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಹೊಟ್ಟೆಯ ಎತ್ತರ, 210 ಮಿಲಿಮೀಟರ್, ನಮ್ಮ ದಿಣ್ಣೆ 190. ಥಾರಿನ 226, ಗೂರ್ಖಾದ 233ರ ಎದುರು ಈ ಎರಡು ಸೆಂಟಿಮೀಟರನ್ನು ನಂಬುವಂತಿರಲಿಲ್ಲ. ಒಂದು ಬದಿಯ ಚಕ್ರಗಳನ್ನು ದಿಣ್ಣೆಯ ಮೇಲೆಯೇ ಹತ್ತಿಸಿ, ಲೋ ರೇಂಜಿನ ಎರಡನೆಯ ಗೇರಿನಲ್ಲಿ ನಿಲ್ಲಿಸದೆ ಸಾಗಿದೆ. ಒಂದು ಕಡೆ ಮಾತ್ರ ಹೊಟ್ಟೆ ತಾಗಿದ ಸದ್ದು ಬಂತು. ಹಳ್ಳದಲ್ಲಿ ನೀರು ಒಂದು ಗೇಣಿತ್ತು. ಥಾರಿಗೆ 650, ಗೂರ್ಖಾಕ್ಕೆ 700 ಮಿಲಿಮೀಟರ್ ನೀರನ್ನು ದಾಟುವ ಸಾಮರ್ಥ್ಯವನ್ನು ತಯಾರಕರೇ ಘೋಷಿಸಿದ್ದಾರೆ; ಆ ಪಂಕ್ತಿಯಲ್ಲಿ ಜಿಮ್ನಿಯನ್ನು ಕೂರಿಸಲಾಗದು. ಜೋರು ಮಳೆಯ ದಿನ ಎರಡು ತಾಸು ಈಚೆ ದಡದ ಚಹಾದಂಗಡಿಯಲ್ಲಿ ಕೂತು ನೀರಿಳಿಯಲು ಕಾಯಬೇಕು ಎಂಬುದನ್ನು ಷರತ್ತಾಗಿಯೇ ಬರೆದಿಟ್ಟುಕೊಂಡಿದ್ದೇನೆ.

ಪಾಗಾರದ ನಡುವೆ ಕನ್ನಡಿ ಮಡಚಬೇಕಾಯಿತು. ಚಿಕ್ಕಪ್ಪನ ಮಗ ಮುಂದೆ ಹಿಂದಕ್ಕೆ ನಡೆಯುತ್ತ ಕೈಸನ್ನೆ ಮಾಡಿದ. ಒಂದು ನಿಮಿಷವೂ ಹಿಡಿಯಲಿಲ್ಲ. ದಣಪೆಯ ಮುಂದೆ ನಿಲ್ಲಿಸಿದಾಗ ಅಮ್ಮ ತಾವೇ ಬಾಗಿಲು ತೆಗೆದು, ಹಿಡಿಕೆ ಹಿಡಿದು, ಮಣ್ಣಿಗೆ ಕಾಲಿಟ್ಟರು.

ನವೆಂಬರ್, ಮೊದಲ ವಾರ

ಮ್ಯಾನುಯಲ್ ಗೇರಿನ ಜಿಮ್ನಿಗೆ ಮುಂಗಡ ಕೊಟ್ಟಾಯಿತು. ಸಾಮಾನಿಗೆ ಮೇಲ್ಛಾವಣಿಯ ಕ್ಯಾರಿಯರ್ ಹೆಂಡತಿಯ ಷರತ್ತು. ಗಂಟೆಗೆ ತೊಂಬತ್ತು ದಾಟಬಾರದೆಂಬುದು ಅವಳ ಇನ್ನೊಂದು ಷರತ್ತು, ಅದನ್ನೂ ಒಪ್ಪಿದ್ದೇನೆ. ಗಾಡಿಯೊಂದಿಗೆ ಬರುವ 195/80 ಆರ್15 ಟೈರುಗಳನ್ನು ಮುಂದಿನ ಮೇ ತಿಂಗಳವರೆಗೆ ಓಡಿಸಿ, ಮಳೆ ಹಿಡಿಯುವ ಮೊದಲು ಅದೇ ಅಳತೆಯ ಕೆಸರಿಗೆ ಹೊಂದುವ ಟೈರು ಹಾಕಿಸಬೇಕು. ಅಗಲದ ಟೈರು ಚೆನ್ನಾಗಿ ಕಾಣುತ್ತದೆಂದು ಮಗ ವಾದಿಸುತ್ತಿದ್ದಾನೆ. ಅವನಿಗೆ ಪಾಗಾರದ ಅಳತೆಯ ಪುಟವನ್ನು ತೋರಿಸಿದ್ದೇನೆ.