ಸೆಂಟರ್ ಆಡುವ ಹುಡುಗ ಪವರ್ ಫಾರ್ವರ್ಡ್ ಆಗಬಲ್ಲನೇ?

ಮುಂಬೈಯ ಮಾಟುಂಗ, ನಾಗಪಾಡಾ ಕಡೆಯ ಶಾಲಾ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಹೋದಾಗಲೆಲ್ಲ ಯಾರಾದರೂ ಕನ್ನಡಿಗ ತಂದೆಯೋ ತಾಯಿಯೋ ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಸರ್, ನಮ್ಮ ಹುಡುಗ ಸೆಂಟರ್ ಆಡುತ್ತಿದ್ದ. ಈಗ ಅವನಿಗಿಂತ ಎತ್ತರದವನು ತಂಡಕ್ಕೆ ಬಂದಿದ್ದಾನೆ. ಇವನನ್ನು ಪವರ್ ಫಾರ್ವರ್ಡ್ ಮಾಡಿದರೆ ನಡೆಯುತ್ತದೆಯೇ?"

ಸೆಂಟರ್ ಎಂದರೆ ರಿಂಗ್ ಬಳಿ ಆಡುವ, ಸಾಮಾನ್ಯವಾಗಿ ತಂಡದ ಅತಿ ಎತ್ತರದ ಆಟಗಾರ; ಪವರ್ ಫಾರ್ವರ್ಡ್ ಅವನ ಜೊತೆಗಿರುವ ಇನ್ನೊಬ್ಬ ಎತ್ತರದವನು. ನಡೆಯುತ್ತದೆ. ಆದರೆ ಅದರ ಬೆನ್ನಿಗೇ "ಹಾಗಾದರೆ ದೂರದಿಂದ ಶಾಟ್ ಹೊಡೆಯುವುದನ್ನು ಕಲಿಸಿ" ಎನ್ನುತ್ತಾರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಶಾಟ್ ಬೇಕು, ಆಮೇಲೆ ಬೇಕು. ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ಹುಡುಗನ ಕಾಲು ಏನು ಮಾಡುತ್ತದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಸೆಂಟರ್ ರಿಂಗ್ ಕಾಯುತ್ತಾನೆ. ಪವರ್ ಫಾರ್ವರ್ಡ್ ಕಾಯಬೇಕಾದ ಎದುರಾಳಿ ಈಗೀಗ ತ್ರೀ-ಪಾಯಿಂಟ್ ಗೆರೆಯಾಚೆ, ಅಂದರೆ ಒಂದು ಶಾಟ್‌ಗೆ ಮೂರು ಅಂಕ ಸಿಗುವ ದೂರದಲ್ಲಿ, ನಿಂತಿರುತ್ತಾನೆ. ಅಂತರರಾಷ್ಟ್ರೀಯ ಒಕ್ಕೂಟ ಫೀಬಾದ ನಿಯಮದಲ್ಲಿ ಆ ಗೆರೆ ರಿಂಗ್‌ನಿಂದ 6.75 ಮೀಟರ್ ದೂರ, ಮೂಲೆಯಲ್ಲಿ ತುಸು ಕಡಿಮೆ. ನೆರವಿಗೆಂದು ರಿಂಗ್ ಬಳಿ ಸರಿದಿದ್ದ ಹುಡುಗ, ಚೆಂಡು ಮೂಲೆಗೆ ಹಾರಿದೊಡನೆ ಅಷ್ಟು ದೂರ ಓಡಬೇಕು. ಓಡುವುದು ಸುಲಭ, ನಿಲ್ಲುವುದು ಕಷ್ಟ. ಕೊನೆಯ ಎರಡು ಮೂರು ಹೆಜ್ಜೆಗಳು ಚಿಕ್ಕದಾಗಬೇಕು, ಸೊಂಟ ಇಳಿಯಬೇಕು, ಒಂದು ಕೈ ಮೇಲೇಳಬೇಕು. ಸೆಂಟರ್ ಆಗಿಯೇ ಬೆಳೆದವನು ಉದ್ದುದ್ದ ಹೆಜ್ಜೆ ಹಾಕುತ್ತ ಬಂದು ಜಿಗಿದುಬಿಡುತ್ತಾನೆ. ಎದುರಾಳಿ ಶಾಟ್ ಹೊಡೆಯುವಂತೆ ನಟಿಸಿ, ಬೇಸ್‌ಲೈನ್ (ರಿಂಗ್ ಹಿಂದಿನ ಅಂಚುಗೆರೆ) ಹಿಡಿದು ಒಳನುಗ್ಗುತ್ತಾನೆ. ಇದು ನಡೆಯುತ್ತಲೇ ಇದ್ದರೆ ಹುಡುಗ ಆ ತುದಿಯಲ್ಲಿ ಗಳಿಸಿದ ಅಂಕಗಳೆಲ್ಲ ಈ ತುದಿಯಲ್ಲಿ ಸೋರಿಹೋಗುತ್ತವೆ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಪಕ್ಕದಲ್ಲಿ ಸೆಂಟರ್ ಆಗಿ ನಿಲ್ಲುವವನು ಎಂಥವನು? 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಭಾರತದ ಮೊದಲ ಪಂದ್ಯಗಳು ನಮ್ಮ ವರ್ಲಿಯಲ್ಲೇ ನಡೆದವು. ಬಂದಿದ್ದ ಎರಡು ತಂಡಗಳು ಇಂಡಿಯಾನಾ ಮತ್ತು ಸ್ಯಾಕ್ರಮೆಂಟೊ. ಆ ಋತುವಿನಲ್ಲಿ ಇಂಡಿಯಾನಾ ಮೈಲ್ಸ್ ಟರ್ನರ್‌ನನ್ನು ಸೆಂಟರ್ ಆಗಿ ಉಳಿಸಿಕೊಂಡು ಡೊಮಾಂಟಸ್ ಸಬೋನಿಸ್‌ನನ್ನು ಪವರ್ ಫಾರ್ವರ್ಡ್ ಮಾಡಿತು. ಟರ್ನರ್ ಹೊರಗಿನಿಂದ ಶಾಟ್ ಹೊಡೆಯಬಲ್ಲವನಾದ್ದರಿಂದ ಸಬೋನಿಸ್‌ಗೆ ಒಳಗೆ ಜಾಗ ಸಿಕ್ಕಿತು. ಸಬೋನಿಸ್ 2020 ಮತ್ತು 2021ರಲ್ಲಿ ಆಲ್-ಸ್ಟಾರ್, ಅಂದರೆ ಲೀಗಿನ ಆಯ್ದ ಶ್ರೇಷ್ಠರಲ್ಲೊಬ್ಬ, ಆದ. ತಂಡ ಮಾತ್ರ ದೂರ ಸಾಗಲಿಲ್ಲ. 2022ರಲ್ಲಿ ಅವನು ಸೇರಿದ್ದು ಅದೇ ಸ್ಯಾಕ್ರಮೆಂಟೊವನ್ನು. ಅಲ್ಲಿ ಮತ್ತೆ ಸೆಂಟರ್ ಆಗಿ, ಮರು ಋತುವಿನಲ್ಲೇ ರೀಬೌಂಡ್‌ನಲ್ಲಿ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದರಲ್ಲಿ) ಇಡೀ ಲೀಗಿಗೆ ಮೊದಲಿಗನಾದ. 16 ವರ್ಷಗಳಿಂದ ಪ್ಲೇಆಫ್ (ಋತುವಿನ ಕೊನೆಯ ಪ್ರಶಸ್ತಿ ಸುತ್ತುಗಳು) ಕಾಣದಿದ್ದ ತಂಡ ಪ್ಲೇಆಫ್ ತಲುಪಿತು. ಬದಲಾವಣೆ ಅವನನ್ನು ಕೆಡಿಸಲಿಲ್ಲ, ಆದರೆ ಪವರ್ ಫಾರ್ವರ್ಡ್ ಅವನ ಜಾಗವಲ್ಲ ಎಂದೇ ನನ್ನ ಅಭಿಪ್ರಾಯ.

ಕಾರ್ಲ್-ಆಂಥನಿ ಟೌನ್ಸ್ ಕಥೆ ತದ್ವಿರುದ್ಧ. 2022ರಲ್ಲಿ ಮಿನೆಸೋಟಾ ರೂಡಿ ಗೋಬೇರ್‌ನನ್ನು ಕರೆತಂದಾಗ, ಸೆಂಟರ್ ಆಗಿದ್ದ ಟೌನ್ಸ್ ಪವರ್ ಫಾರ್ವರ್ಡ್ ಆದ. ಗೋಬೇರ್ ರಿಂಗ್ ಬಿಟ್ಟು ಕದಲುವವನಲ್ಲ; ಟೌನ್ಸ್ ಹೊರಗಿನಿಂದ ಹೊಡೆಯುವವನು. ಮೊದಲ ವರ್ಷ ಹೆಣಗಾಡಿದ ಆ ಜೋಡಿ 2024ರಲ್ಲಿ ಹಾಲಿ ಚಾಂಪಿಯನ್ ಡೆನ್ವರ್ ತಂಡವನ್ನು ಹೊರಗಟ್ಟಿ ಪಶ್ಚಿಮ ವಲಯದ ಫೈನಲ್‌ವರೆಗೆ ತಂಡವನ್ನು ಒಯ್ದಿತು.

ಇಬ್ಬರು ಎತ್ತರದವರು ಒಟ್ಟಿಗೆ ಆಡಬಹುದು ಎನ್ನಲು, 1999ರಲ್ಲಿ ಡೇವಿಡ್ ರಾಬಿನ್ಸನ್ ಪಕ್ಕದಲ್ಲಿ ಆಡಿ ಎನ್‌ಬಿಎ ಪ್ರಶಸ್ತಿ ಗೆದ್ದ ಟಿಮ್ ಡಂಕನ್ ಹೆಸರನ್ನೂ ಕೆಲವರು ಎತ್ತುತ್ತಾರೆ. ಆಗ ಎನ್‌ಬಿಎಯಲ್ಲಿ ಝೋನ್ ಡಿಫೆನ್ಸ್‌ಗೆ (ಒಬ್ಬ ಎದುರಾಳಿಯ ಬದಲು ಒಂದು ಜಾಗವನ್ನು ಕಾಯುವುದಕ್ಕೆ) ಅವಕಾಶವಿರಲಿಲ್ಲ. ನಮ್ಮ ಮಕ್ಕಳು ಆಡುವ ಫೀಬಾ ನಿಯಮದಲ್ಲಿ ಝೋನ್ ಇದೆ, ರಿಂಗ್ ಕೆಳಗೆ ಡಿಫೆಂಡರ್ ಎಷ್ಟು ಹೊತ್ತು ನಿಂತರೂ ಕೇಳುವವರಿಲ್ಲ. ಹೊರಗಿನಿಂದ ಹೊಡೆಯಲಾರದ ಇಬ್ಬರು ಎತ್ತರದವರನ್ನು ಒಟ್ಟಿಗೆ ಇಳಿಸಿದರೆ ಒಳಗೆ ಉಸಿರಾಡಲೂ ಜಾಗವಿರುವುದಿಲ್ಲ.

ಎತ್ತರವನ್ನು ನಂಬಿ ಕೂರಬೇಡಿ ಎಂದೂ ಹೇಳುತ್ತೇನೆ. 14ರ ವಯಸ್ಸಿನಲ್ಲಿ ತಂಡಕ್ಕೇ ಎತ್ತರವಾಗಿದ್ದವನನ್ನು 18ರ ಹೊತ್ತಿಗೆ ಎಷ್ಟೋ ಸಲ ಉಳಿದವರು ದಾಟಿರುತ್ತಾರೆ. ಆದ್ದರಿಂದ ಜಾಗ ಬದಲಾಯಿಸುವ ಮೊದಲು ಕೋಚ್ ಬಳಿ ಒಂದು ವಿಷಯ ಕೇಳಿಕೊಳ್ಳಿ: ಅಭ್ಯಾಸದಲ್ಲಿ ಹುಡುಗನನ್ನು ತಂಡದ ಅತಿ ಚುರುಕಾದ ಗಾರ್ಡ್ (ಹೊರಗಿನಿಂದ ಚೆಂಡು ನಡೆಸುವ ಆಟಗಾರ) ಎದುರು ನಿಲ್ಲಿಸಲಿ. ಮೊದಮೊದಲು ಏಮಾರುತ್ತಾನೆ, ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಾನೆ. ಬರಲಿ, ಆಗ ಅಭ್ಯಾಸ ಬಿಡಿಸಬೇಡಿ.