ಅತ್ತೇನ ನೋಡ್ಕೊಳ್ಳೋಕೆ ದುಡ್ಡು ಬಂತು, ಕೆಲಸ ಹೋಯ್ತು

2019ರಲ್ಲಿ ನಮ್ಮತ್ತೆ ಬಾತ್‌ರೂಮಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆವಾಗ ನಾವು ಕ್ಯಾಲಿಫೋರ್ನಿಯಾದಲ್ಲಿದ್ವಿ. ಆಪರೇಷನ್ ಆದ್ಮೇಲೆ ವಾಕರ್ ಹಿಡ್ಕೊಂಡು ಮಂಚದಿಂದ ಕಮೋಡಿಗೆ ಹೋಗೋಕೆ ಅವ್ರಿಗೆ ಹತ್ತು ನಿಮಿಷ ಬೇಕಾಗ್ತಿತ್ತು, ಪಕ್ಕದಲ್ಲಿ ಒಬ್ರು ಇರ್ಲೇಬೇಕು, ಹಂಗಾಗಿ ನಾನು ಪೇಯ್ಡ್ ಫ್ಯಾಮಿಲಿ ಲೀವ್‌ಗೆ, ಅಂದ್ರೆ ಮನೆಯವ್ರನ್ನ ನೋಡ್ಕೊಳ್ಳೋಕೆ ರಾಜ್ಯ ಸರ್ಕಾರ ದುಡ್ಡು ಕೊಡೋ ರಜೆಗೆ, ಅರ್ಜಿ ಹಾಕ್ದೆ. ಆರು ವಾರ ದುಡ್ಡು ಸರಿಯಾಗೇ ಬಂತು. ಅದೇನು ಧರ್ಮಕ್ಕೆ ಕೊಟ್ಟಿದ್ದಲ್ಲ, ಪ್ರತಿ ಸಂಬಳದಲ್ಲೂ ಎಸ್‌ಡಿಐ ಅನ್ನೋ ರಾಜ್ಯದ ವಿಮೆಗೆ ಅಂತ ನಮ್ಮಿಂದಾನೇ ಹಿಡ್ಕೊಂಡಿದ್ದು. ಏಳನೇ ವಾರ ಆಫೀಸಿಗೆ ಹೋದ್ರೆ ನನ್ನ ಸೀಟಲ್ಲಿ ಬೇರೆ ಹುಡುಗಿ ಕೂತಿದ್ಲು, ನನ್ನ ಕಾಫಿ ಮಗ್ಗು, ಶಾಲು ಎಲ್ಲಾ ಒಂದು ರಟ್ಟಿನ ಡಬ್ಬದಲ್ಲಿತ್ತು.

ಸರ್ಕಾರಾನೇ ದುಡ್ಡು ಕೊಟ್ಟು ರಜೆ ಕಳಿಸಿದ್ಮೇಲೆ ಕೆಲಸ ಹೆಂಗೆ ತೆಗೀತಾರೆ ಅಂತ ವಕೀಲರನ್ನ ಕೇಳಿದ್ರೆ, ದುಡ್ಡಿನ ಕಾನೂನೇ ಬೇರೆ, ಕೆಲಸ ಕಾಯೋ ಕಾನೂನೇ ಬೇರೆ ಅಂದ್ರು. ಅತ್ತೆ ಮಾವನ್ನ ನೋಡ್ಕೊಳ್ಳೋಕೆ 2014ರಿಂದಾನೇ ದುಡ್ಡು ಸಿಗ್ತಿತ್ತು, ಆದ್ರೆ ವಾಪಸ್ ಬಂದಾಗ ಕೆಲಸ ಕೊಡ್ಬೇಕು ಅನ್ನೋ ಕ್ಯಾಲಿಫೋರ್ನಿಯಾದ ಸಿಎಫ್‌ಆರ್‌ಎ ಕಾನೂನಲ್ಲಿ ಅತ್ತೆ ಮಾವ ಸೇರಿದ್ದು 2022ರಲ್ಲಿ! ಎಂಟು ವರ್ಷ ಎಷ್ಟು ಸೊಸೆಯಂದ್ರು, ಅಳಿಯಂದ್ರು ಹಿಂಗೆ ಕೆಲಸ ಕಳ್ಕೊಂಡಿರ್ಬೇಕು ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಇಡೀ ಅಮೆರಿಕಾಗೆ ಅನ್ವಯಿಸೋ 1993ರ ಎಫ್‌ಎಮ್‌ಎಲ್‌ಎ ಅನ್ನೋ ರಜೆ ಕಾನೂನಂತೂ 50 ಜನಕ್ಕಿಂತ ಕಮ್ಮಿ ಇರೋ ಖಾಸಗಿ ಕಂಪನಿಗೆ ಅನ್ವಯಿಸೋದೇ ಇಲ್ಲ, ಕೊಡೋ 12 ವಾರಕ್ಕೂ ಸಂಬಳ ಇಲ್ಲ, ಅತ್ತೆ ಮಾವ ಅದ್ರಲ್ಲಿ ಇವತ್ತಿಗೂ ಇಲ್ಲ.

ಒಳ್ಳೇದೂ ಆಗಿದೆ, ಇಲ್ಲ ಅನ್ನಲ್ಲ. 2021ರಿಂದ ಕ್ಯಾಲಿಫೋರ್ನಿಯಾದಲ್ಲಿ 5 ಜನ ಇರೋ ಕಂಪನಿನೂ ಕೆಲಸ ಉಳಿಸ್ಬೇಕು. 2025ರಿಂದ ಕಮ್ಮಿ ಸಂಬಳದೋರಿಗೆ ರಜೇಲಿ ಸಂಬಳದ 90 ಪರ್ಸೆಂಟ್‌ವರೆಗೂ ಸಿಗತ್ತೆ, ಮೊದಲು 60-70 ಪರ್ಸೆಂಟಲ್ಲಿ ಬಾಡಿಗೆ ಕಟ್ಟೋಕಾಗ್ದೆ ಎಷ್ಟೋ ಜನ ರಜೇನೇ ಹಾಕ್ತಿರ್ಲಿಲ್ಲ. ಆದ್ರೆ ಎಡವಟ್ಟು ನಿಂತಿಲ್ಲ ನೋಡಿ, ಚಿಕ್ಕಮ್ಮನ್ನ ನೋಡ್ಕೊಳ್ಳೋಕೆ ರಜೆ ಹಾಕಿದ್ರೆ 2023ರಿಂದ ಕೆಲಸ ಉಳಿಯತ್ತೆ, ದುಡ್ಡು ಮಾತ್ರ 2028ರ ಜುಲೈಯಿಂದ! ಎರಡೂ ಒಂದೇ ಕಾನೂನಲ್ಲಿ, ಒಂದೇ ಅರ್ಜೀಲಿ ಸಿಗ್ಬೇಕು, ನಾನು ಕೇಳ್ತಿರೋದು ಇಷ್ಟೇ.

ಅಲ್ಲಿರೋ ನಮ್ಮೋರಿಗೆ ಒಂದು ಮಾತು, ದುಡ್ಡು ಸ್ಯಾಂಕ್ಷನ್ ಆಯ್ತು ಅಂತ ನೆಮ್ಮದಿಯಾಗಿ ಕೂರ್ಬೇಡಿ, ನನ್ನ ಕೆಲಸ ಉಳಿಯತ್ತಾ, ಯಾವ ಕಾನೂನಲ್ಲಿ ಅಂತ ರಜೆಗೆ ಮುಂಚೆ ಎಚ್‌ಆರ್‌ನ ಇಮೇಲಲ್ಲೇ ಕೇಳಿ. ನಾನು ಬಾಯ್ಮಾತಲ್ಲಿ ಕೇಳಿದ್ದೆ, "ಚಿಂತೆ ಮಾಡ್ಬೇಡ, ಹೋಗ್ಬಾ" ಅಂದಿದ್ರು.