ಹೊಟ್ಟೆ ತುಂಬಿದ ಹುಲಿ

"ಹೊಟ್ಟೆ ತುಂಬಿದ ಹುಲಿ ಎಂತಕ್ಕೆ ತಿನ್ನತ್ತೆ ಅಕ್ಕಾ?"

ಕಳೆದ ಬುಧವಾರದಿಂದ ಈ ಮಾತು ತಲೆಯಲ್ಲಿ ಸುತ್ತುತ್ತಿದೆ. ಪಾತ್ರೆ ತೊಳೆಯುವಾಗ, ಆಫೀಸಿನ ಕಾಲ್‌ನಲ್ಲಿ ಮ್ಯೂಟ್ ಮಾಡಿಕೊಂಡು ಕೂತಾಗ, ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತು ಎಚ್ಚರವಾದಾಗ. ಕೇಳಿದವಳಿಗೆ ಹತ್ತು ವರ್ಷ. ನಾನು ಕೊಟ್ಟ ಉತ್ತರ ಆಗ ಸರಿಯಾಗಿಯೇ ಕಂಡಿತ್ತು.

ನಾನು ಬೆಂಗಳೂರಿನ ಕೆಲಸವನ್ನು ಸಾಗರದ ಹತ್ತಿರದ ತವರಿನಲ್ಲಿ ಕೂತು ಮಾಡಲು ಶುರುಮಾಡಿ ಎರಡು ವರ್ಷವಾಯಿತು. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿದರೆ ಸಂಬಳ ಕೊಡುತ್ತಾರೆ. ಅಮ್ಮನ ಪ್ರಕಾರ ಇದಕ್ಕೆ ನನಗೆ ಟ್ರೈನಿಂಗೇ ಬೇಕಿರಲಿಲ್ಲ. ಈ ಬೇಸಿಗೆಯಲ್ಲಿ ಪಂಚಾಯಿತಿ ಲೈಬ್ರರಿಯ ಅಕ್ಕ ಫೋನ್ ಮಾಡಿ, "ಹತ್ತು ದಿನ ಮಕ್ಕಳ ಶಿಬಿರ ಇದೆ. ಕಂಪ್ಯೂಟರ್ ಧೂಳು ತಿಂತಾ ಬಿದ್ದಿದೆ, ಏನಾದ್ರೂ ಹೇಳ್ಕೊಡಿ" ಎಂದರು. ಹೋದೆ. ಕಂಪ್ಯೂಟರ್ ಮೂರು, ನನ್ನ ಲ್ಯಾಪ್‌ಟಾಪ್ ಸೇರಿ ನಾಲ್ಕು. ಮಕ್ಕಳು 14.

ಕಲಿಸಿದ್ದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಹೊರತಂದದ್ದು, ದುಡ್ಡು ಕೊಡಬೇಕಿಲ್ಲ. ಉದ್ದುದ್ದ ಕೋಡ್ ಟೈಪ್ ಮಾಡುವುದಿಲ್ಲ. 'ಮುಂದೆ ಹೋಗು', 'ಹೀಗಾದರೆ ಹಾಗೆ ಮಾಡು' ಎಂಬಂಥ ಬಣ್ಣಬಣ್ಣದ ತುಂಡುಗಳನ್ನು ಎಳೆದು ತಂದು ಒಂದರ ಕೆಳಗೊಂದು ಸಿಕ್ಕಿಸಬೇಕು, ಅಷ್ಟೇ. ಇಂಟರ್ನೆಟ್ ನಂಬುವ ಹಾಗಿಲ್ಲದ್ದರಿಂದ ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಿದೆ. ತೆರೆದ ಕೂಡಲೇ ಒಂದು ಕಿತ್ತಳೆ ಬಣ್ಣದ ಬೆಕ್ಕು ಬಂದು ನಿಲ್ಲುತ್ತದೆ. ಮೊದಲ ಎರಡು ದಿನ ಆ ಬೆಕ್ಕಿನ ಕೈಲಿ ಮ್ಯಾಂವ್ ಅನ್ನಿಸುವುದರಲ್ಲೇ ಕಳೆಯಿತು. ಲೈಬ್ರರಿಗೆ ಪೇಪರ್ ಓದಲು ಬರುವ ಹಿರಿಯರೊಬ್ಬರು ಮೂರನೇ ದಿನದಿಂದ ಬರುವುದನ್ನೇ ಬಿಟ್ಟರು.

ಆಮೇಲೆ, ಒಬ್ಬೊಬ್ಬರೂ ಒಂದೊಂದು ಒಗಟಿನ ಆಟ ಮಾಡಬೇಕು ಅಂದೆ. ಹೆಚ್ಚಿನವರು ದಾರಿ ಹುಡುಕುವ ಆಟ ಮಾಡಿದರು. ಕಪ್ಪು ಗೋಡೆ ಮುಟ್ಟಿದರೆ ವಾಪಸ್ ಶುರುವಿಗೆ. ಒಬ್ಬ ಹುಡುಗ ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರ ಹಿಡಿದುಕೊಂಡ. ಗರ ಬೀಳುವುದಕ್ಕೆ ಒಂದರಿಂದ ನಾಲ್ಕರವರೆಗೆ ಯಾವುದೋ ಒಂದು ಸಂಖ್ಯೆ ಬರುವ ಹಾಗೆ ಮಾಡಿದ. ಎಂಟನ್ನು ಆಮೇಲೆ ನೋಡೋಣ ಅಂದಿದ್ದ. ಎರಡು ಆಟ ಆಡಿ, "ಇದು ಸರಿ ಇಲ್ಲ, ನಮ್ಮಜ್ಜಿಗೆ ಇಷ್ಟು ಸಲ ಚೌಕ ಬೀಳಲ್ಲ" ಅಂದ.

ಎಂಥ ಮಾತು! ಇಬ್ಬರೂ ನೆಲದ ಮೇಲೆ ಕೂತು ಲೆಕ್ಕ ಹಾಕಿದೆವು. ನಾಲ್ಕು ಕವಡೆ, ಒಂದೊಂದೂ ಅಂಗಾತ ಇಲ್ಲವೇ ಬೋರಲು. ಒಟ್ಟು 16 ರೀತಿಯಲ್ಲಿ ಬೀಳಬಹುದು. ಅದರಲ್ಲಿ ನಾಲ್ಕೂ ಅಂಗಾತ ಬೀಳುವ ರೀತಿ, ಅಂದರೆ ಚೌಕ, ಒಂದೇ ಒಂದು. ಎರಡು ಅಂಗಾತ ಬೀಳುವ ರೀತಿ ಆರು. ನಿಜವಾದ ಕವಡೆ ಎರಡೂ ಕಡೆಗೆ ಸಮನಾಗಿ ಬೀಳುವುದಿಲ್ಲ, ಆದರೂ ಅಜ್ಜಿಯ ಅನುಭವಕ್ಕೆ ಇದು ಹತ್ತಿರ. ಅವನು ನಾಲ್ಕು ಕವಡೆಯನ್ನೂ ಬೇರೆಬೇರೆ ಮಾಡಿ, ಕೊನೆಗೆ ಕೂಡಿಸಿದ. ಒಂದೂ ಅಂಗಾತ ಇಲ್ಲದಿದ್ದರೆ ಎಂಟು. ನಾನು ಎಲ್ಲರೆದುರು ಶಭಾಷ್ ಅಂದೆ. ಆ ಶಭಾಷ್ ಈಗ ನನ್ನನ್ನೇ ಚುಚ್ಚುತ್ತಿದೆ.

ಯಾಕೆಂದರೆ ಪಕ್ಕದ ಕಂಪ್ಯೂಟರಿನಲ್ಲೇ ಹುಲಿಯವಳು ಕೂತಿದ್ದಳು. ಹುಲಿ, ಹಸು, ಹುಲ್ಲಿನ ಹೊರೆ, ಒಂದು ದೋಣಿ. ಒಂದು ಸಲಕ್ಕೆ ಒಂದನ್ನೇ ದಾಟಿಸಬೇಕು, ನಾವಿಲ್ಲದಾಗ ಹುಲಿ ಹಸುವನ್ನು, ಹಸು ಹುಲ್ಲನ್ನು ತಿನ್ನುತ್ತದೆ. ಗೊತ್ತಿಲ್ಲದವರು ಯಾರಿದ್ದಾರೆ? ಯುರೋಪಿನ ಹಳೇ ಲ್ಯಾಟಿನ್ ಹಸ್ತಪ್ರತಿಗಳಲ್ಲಿ ತೋಳ, ಮೇಕೆ, ಎಲೆಕೋಸು ಆಗಿ ಸಾವಿರ ವರ್ಷಕ್ಕೂ ಹಿಂದೆಯೇ ಇದ್ದ ಒಗಟು. ಹಸುವನ್ನು ಮೊದಲು ದಾಟಿಸು, ನಡುವೆ ಒಮ್ಮೆ ವಾಪಸ್ ತಾ, ಒಟ್ಟು ಏಳು ಸಲ ಹೊಳೆ ದಾಟು. ನಮಗೆಲ್ಲ ಮಗ್ಗಿಯ ಹಾಗೆ ಬಾಯಿಪಾಠ.

ಇವಳು ಆ ಕಿತ್ತಳೆ ಬೆಕ್ಕಿಗೇ ಕಪ್ಪು ಪಟ್ಟೆ ಬಳಿದು ಹುಲಿ ಮಾಡಿದ್ದಳು. ಮೀಸೆ ಹಾಗೇ ಇತ್ತು, ಮ್ಯಾಂವ್ ಕೂಡ. ದೋಣಿಯ ಬದಲು ಲಾಂಚ್ ಬರೆದಿದ್ದಳು. ಅಜ್ಜಿ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಹೊಳೆ ಅಂದರೆ ಅವಳಿಗೆ ಲಾಂಚೇ. "ಲಾಂಚಲ್ಲಿ ಬಸ್ಸೇ ಹೋಗತ್ತೆ, ಒಂದು ಹುಲಿ, ಒಂದು ಹಸು ಒಟ್ಟಿಗೆ ಹೋಗಲ್ವನೇ?" ಎಂದು ಒಬ್ಬ ಕಿಚಾಯಿಸಿದ. ಇನ್ನೊಬ್ಬ, "ಈಗ ಸೇತುವೆ ಆಗಿದ್ಯಲ್ಲ, ನಡ್ಕೊಂಡು ಹೋಗ್ಲಿ" ಅಂದ. ಹೌದಲ್ವಾ? 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯಲ್ಲಿ ಓಡಾಟ ಶುರುವಾಯಿತು. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗಿನಿಂದ ಎರಡು ತಲೆಮಾರು ಕಾದ ಸೇತುವೆ. ಅವಳು ಯಾರಿಗೂ ಉತ್ತರ ಕೊಡಲಿಲ್ಲ. ಲಾಂಚಿಗೆ ಹೊಗೆ ಬರೆಯುತ್ತಿದ್ದಳು.

ನಾನು ನೋಡಲು ಹೋದಾಗ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಡಬ್ಬಿ ಕಂಡಿತು. 'ಹಸಿವು: 0'.

"ಇದೇನಿದು?"

"ಹುಲಿದು. ಅದಕ್ಕೆ ಈಗಷ್ಟೇ ಊಟ ಆಗಿದೆ. ಲಾಂಚ್ ಒಂದ್ಸಲ ಹೋದ್ರೆ ಒಂದು ಜಾಸ್ತಿ ಆಗತ್ತೆ. ತುಂಬಾ ಆದ್ಮೇಲೆ ತಿನ್ನತ್ತೆ."

"ಹಸುಗೆ?"

"ಹಸುಗೆ ಯಾವಾಗ್ಲೂ ಹಸಿವೇ. ನಮ್ಮನೆ ಗೌರಿನ ನೋಡಿ ಬೇಕಾದ್ರೆ."

ನಗು ಬಂತು. ನಕ್ಕು ಸುಮ್ನೆ ಮುಂದೆ ಹೋಗಿದ್ದರೆ ಆಗುತ್ತಿತ್ತು. ಆದರೆ ನಾನು ಟೆಸ್ಟರ್ ಅಲ್ವಾ?

"ಹಾಗಲ್ಲ ಪುಟ್ಟಿ. ಹುಲಿ, ಹಸು ಎರಡೇ ಉಳಿದರೆ ಹುಲಿ ತಿನ್ನಲೇಬೇಕು. ಅದು ರೂಲು."

"ಹೊಟ್ಟೆ ತುಂಬಿದ ಹುಲಿ ಎಂತಕ್ಕೆ ತಿನ್ನತ್ತೆ ಅಕ್ಕಾ?"

"ತಿನ್ನದಿದ್ದರೆ ಒಗಟೇ ಇಲ್ಲ. ತೆಗೆದುಬಿಡು."

ಅವಳು ವಾದ ಮಾಡಲಿಲ್ಲ. ಮುಖವನ್ನೂ ಸಪ್ಪೆ ಮಾಡಲಿಲ್ಲ. "ಹಂಗಾರೆ ತೆಗಿತೀನಿ ಬಿಡಿ, ನಿಮ್ದೇ ಸರಿ" ಅಂದಳು. ಸ್ಕ್ರ್ಯಾಚ್‌ನಲ್ಲಿ ಬೇಡದ ತುಂಡನ್ನು ಎಡಗಡೆಗೆ ಎಳೆದು ಬಿಟ್ಟರೆ ಮಾಯವಾಗುತ್ತದೆ. ಇಡೀ ಗೊಂಚಲನ್ನು ಒಂದೇ ಸಲ ಎಳೆಯಬಹುದು. ಅವಳು ಹಾಗೆ ಮಾಡಲಿಲ್ಲ. ಒಂದೊಂದೇ ತುಂಡು ಬಿಡಿಸಿ, ಒಂದೊಂದೇ ಎಳೆದು ಬಿಟ್ಟಳು. ಕೊನೆಗೆ 'ಹಸಿವು' ಡಬ್ಬಿ ಹೋಯಿತು. ಅದೇ ಫೈಲಿನ ಮೇಲೆ ಸೇವ್ ಮಾಡಿದಳು. ನಾನು ಪಕ್ಕದಲ್ಲೇ ನಿಂತು ನೋಡಿದೆ, ಕೆಲಸ ಮುಗಿಯಿತು ಅನ್ನುವ ಸಮಾಧಾನದಲ್ಲಿ.

ಶುಕ್ರವಾರ ಸಮಾರೋಪ. ಪಂಚಾಯಿತಿ ಸದಸ್ಯರೊಬ್ಬರು ಮೊಬೈಲು, ಕಂಪ್ಯೂಟರು ಮಕ್ಕಳನ್ನು ಹೇಗೆ ಹಾಳು ಮಾಡುತ್ತಿವೆ ಎಂದು ಅರ್ಧ ಗಂಟೆ ಮಾತಾಡಿದರು, ಅದೇ ಮೂರು ಕಂಪ್ಯೂಟರಿನ ಮುಂದೆ ನಿಂತು. ಒಬ್ಬ ಅಪ್ಪ ನನ್ನನ್ನು ಬದಿಗೆ ಕರೆದು, "ಮೇಡಂ, ಇದರಿಂದ ಮುಂದೆ ಕೋಡಿಂಗ್‌ಗೆ ಅನುಕೂಲ ಆಗುತ್ತಾ, ಇಲ್ಲ ಬರೀ ಆಟನಾ?" ಎಂದು ಕೇಳಿದರು. ಇಂಥ ಪ್ರಶ್ನೆ ಕೇಳುವವರ ಮೇಲೆ ನನಗೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಅಡಿಕೆಗೆ ಕೊಳೆ, ಎಲೆಚುಕ್ಕಿ ಅಂತ ಒದ್ದಾಡುವವರು ಮಗನ ಬಗ್ಗೆ ಇಷ್ಟು ಕೇಳಬಾರದಾ ಅಂತ ಈಗ ಅನ್ನಿಸುತ್ತದೆ. ಸಿಟ್ಟು ಬಂದದ್ದು ನನ್ನ ಜೊತೆ ಕಲಿಸಲು ಬಂದಿದ್ದ ಹುಡುಗನ ಮೇಲೆ. ಎಲ್ಲ ಮಕ್ಕಳ ಕೈಯನ್ನೂ ಮೌಸ್ ಮೇಲೆ ಇಡಿಸಿ ರೀಲ್ಸ್ ಮಾಡಿಕೊಂಡ. ಹತ್ತು ದಿನದಲ್ಲಿ ಒಂದು ಮಗುವಿನ ಆಟವನ್ನೂ ಅವನು ಪೂರ್ತಿ ಆಡಲಿಲ್ಲ.

ಆದರೆ ನಾನೂ ಆಡಿರಲಿಲ್ಲ ತಾನೇ.

ಹುಲಿ ಆಟದ ಮುಂದೆ ಜನ ಸೇರಿತ್ತು. ಎಲ್ಲರಿಗೂ ಉತ್ತರ ಗೊತ್ತು. ಹಸು ಮೊದಲು, ಏಳು ಸಲ, ಚಪ್ಪಾಳೆ. ಹುಲಿಯ ಮ್ಯಾಂವ್ ಯಾರೂ ಕೇಳಲೇ ಇಲ್ಲ, ಯಾಕೆಂದರೆ ಯಾರೂ ತಪ್ಪಲಿಲ್ಲ. ಅವಳು ಗೋಡೆಗೆ ಒರಗಿ ನಿಂತಿದ್ದಳು. ನಿನ್ನ ಆಟದ ಬಗ್ಗೆ ಎರಡು ಮಾತು ಹೇಳು ಎಂದು ಮೈಕ್ ಕೊಟ್ಟೆವು. "ಹುಲಿ ಹಸುನ ತಿನ್ನತ್ತೆ, ಅಷ್ಟೇ" ಎಂದು ಹೇಳಿ ಮೈಕ್ ವಾಪಸ್ ಕೊಟ್ಟಳು.

ಅಷ್ಟೇ.

ಭಾನುವಾರ ಊಟ ಮಾಡಿ ಮಲಗಿದರೆ ನಿದ್ದೆ ಬರಲಿಲ್ಲ. ಎದ್ದು ಲ್ಯಾಪ್‌ಟಾಪ್ ತೆಗೆದು ಅವಳು ಅಳಿಸಿದ್ದನ್ನು ನಾನೇ ಮತ್ತೆ ಮಾಡಲು ಕೂತೆ. ಪ್ರತಿ ದಾಟಿಗೆ ಹಸಿವು ಒಂದು ಜಾಸ್ತಿ. 'ತುಂಬಾ ಆದ್ಮೇಲೆ' ಅಂದರೆ ಎಷ್ಟು ಅಂತ ಕೇಳಿರಲಿಲ್ಲ, ಮೂರು ಅಂತ ಇಟ್ಟೆ. ಬೆಕ್ಕಿಗೆ ಪಟ್ಟೆ ಬಳಿದೆ. ಅವಳ ಹುಲಿಯಷ್ಟು ಚೆನ್ನಾಗಿ ಬರಲಿಲ್ಲ, ನನ್ನದು ಕಂಬಳಿ ಹೊದ್ದ ಹಾಗಿತ್ತು. ಆಮೇಲೆ ಆಡಿದೆ.

ಹಳೇ ಏಳು ದಾಟಿನ ಉತ್ತರ ಹಾಗೇ ನಡೆಯಿತು. ಅದು ಗೊತ್ತಿದ್ದದ್ದೇ. ಸುಮ್ನೆ ಈ ಸಲ ಹುಲ್ಲನ್ನು ಮೊದಲು ಲಾಂಚಿಗೆ ಹಾಕಿದೆ. ದಡದಲ್ಲಿ ಹುಲಿ, ಹಸು ಎರಡೇ. ಹಸಿವು 1. ಹುಲಿ ಮಿಸುಕಲಿಲ್ಲ. ವಾಪಸ್ ಬಂದೆ, ಹಸಿವು 2. ಹುಲಿಯನ್ನು ಹತ್ತಿಸಿಕೊಂಡು ಹೋದೆ, ಹಸಿವು 3. ಈಗ ಹಸಿದಿದೆ, ಆದರೆ ಆಚೆ ದಡದಲ್ಲಿ ಇರುವುದು ಹುಲ್ಲು. ಹುಲಿ ಹುಲ್ಲು ತಿನ್ನುತ್ತದಾ? ವಾಪಸ್ ಬಂದು ಹಸುವನ್ನು ಕರೆದುಕೊಂಡು ಹೋದೆ. ಮುಗಿಯಿತು. ಐದೇ ದಾಟು.

ಐದು! ಮೂರು ವಸ್ತು, ಒಂದು ಸಲಕ್ಕೆ ಒಂದು ಅಂದಮೇಲೆ ಐದಕ್ಕಿಂತ ಕಮ್ಮಿ ಆಗುವ ಹಾಗೇ ಇಲ್ಲ. ಬೇರೆ ದಾರಿಯೂ ನೋಡಿದೆ. ಹಸು ಮೊದಲು, ಆಮೇಲೆ ಹುಲಿ ಅಂತ ಹೋದರೆ ನಾಲ್ಕನೇ ದಾಟಿಗೆ ಮ್ಯಾಂವ್. ಹುಲ್ಲು, ಆಮೇಲೆ ಹಸು ಅಂದರೆ ಗೌರಿ ಹುಲ್ಲು ಮುಗಿಸಿಬಿಡುತ್ತಾಳೆ. ಐದರಲ್ಲಿ ಮುಗಿಸಲು ಇರುವುದು ಒಂದೇ ದಾರಿ. ಹುಲಿಯ ಹೊಟ್ಟೆ ತುಂಬಿರುವಾಗಲೇ ಹಸುವನ್ನು ಅದರ ಪಕ್ಕ ಬಿಟ್ಟು ಹೋಗುವ ಧೈರ್ಯ ಬೇಕು, ತಡ ಮಾಡಿದರೆ ಆ ದಾರಿ ಮುಚ್ಚಿತು. ಒಗಟೇ ಇಲ್ಲ ಅಂದಿದ್ದೆನಲ್ಲ ನಾನು!

ಮೂರರ ಜಾಗದಲ್ಲಿ ಒಂದು ಇಟ್ಟು ನೋಡಿದೆ. ಮೊದಲ ದಾಟಿಗೇ ಹುಲಿ ತಿನ್ನುತ್ತದೆ, ಅಂದರೆ ಅದು ನಮ್ಮ ಹಳೇ ಒಗಟೇ. ಶುರುವಿನಿಂದಲೇ ಹಸಿದ ಹುಲಿಯ ಕಥೆ ಅಷ್ಟೇ ಅದು, ಅವಳ ಆಟದ ಒಂದು ಮೂಲೆಯಲ್ಲಿ ಆರಾಮಾಗಿ ಕೂರುತ್ತದೆ. ಐದು ಇಟ್ಟರೆ ಐದು ದಾಟಿನ ದಾರಿ ಎರಡಾಗುತ್ತದೆ. ಒಂದು ಸಂಖ್ಯೆ ತಿರುಗಿಸಿದರೆ ಒಗಟು ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ರಾತ್ರಿ ಹನ್ನೊಂದರವರೆಗೆ ಅದನ್ನೇ ತಿರುಗಿಸುತ್ತಾ ಕೂತಿದ್ದೆ. ಅಮ್ಮ ಎರಡು ಸಲ ಬಂದು ನೋಡಿ ಹೋದರು.

ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ನಾನೇ ಹೇಳಿಕೊಡುವ ಮೊದಲ ಪಾಠ, ಓಡಿಸಿ ನೋಡದೆ ಬಗ್ ಅನ್ನಬೇಡಿ ಅಂತ. 12 ವರ್ಷದಿಂದ ಹೇಳುತ್ತಿದ್ದೇನೆ. ಚೌಕಾಬಾರದ ಹುಡುಗ ಅಜ್ಜಿಯ ಆಟಕ್ಕೆ ಸರಿಹೊಂದುವ ಹಾಗೆ ಮಾಡಿದ, ಶಭಾಷ್ ಅಂದೆ. ಇವಳು ಅಜ್ಜಿಯರೆಲ್ಲ ಹೇಳಿದ್ದನ್ನೇ ಯಾಕೆ ಅಂತ ಪ್ರಶ್ನೆ ಮಾಡಿದಳು, ತೆಗೆದುಬಿಡು ಅಂದೆ. ನನಗೆ ಕಾಡುತ್ತಿರುವುದು ನನ್ನ ತಪ್ಪಿಗಿಂತ ಅವಳ "ನಿಮ್ದೇ ಸರಿ". ಹತ್ತು ವರ್ಷಕ್ಕೇ ಅಷ್ಟು ಸಲೀಸಾಗಿ ಆ ಮಾತು ಬರಬೇಕಾದರೆ ಎಷ್ಟು ಸಲ ಹೇಳಿರಬೇಕು, ಎಷ್ಟು ಜನರಿಗೆ?

ನಿನ್ನೆ ಲೈಬ್ರರಿಗೆ ಹೋಗಿದ್ದೆ. ಅವಳು ಅಜ್ಜಿ ಮನೆಗೆ ಹೋಗಿದ್ದಾಳಂತೆ, ಬರುವುದು ಇನ್ನು ಶಾಲೆ ಶುರುವಾಗುವ ಹೊತ್ತಿಗೆ. ಅಲ್ಲಿ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಪೆನ್‌ಡ್ರೈವ್‌ನಿಂದ ಫೈಲನ್ನು ಅವಳು ಕೂರುತ್ತಿದ್ದ ಕಂಪ್ಯೂಟರಿಗೆ ಹಾಕಿದೆ. ಹೆಸರು 'ಹುಲಿ ಹೊಟ್ಟೆ'. ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಸಂಖ್ಯೆ ಎಷ್ಟು ಎಂದು ಕೇಳಬೇಕು.

ಲೈಬ್ರರಿ ಅಕ್ಕ ಬಗ್ಗಿ ನೋಡಿ, "ಅದೇ ಆಟ ಅಲ್ವಾ ಇದು?" ಅಂದರು.

"ಆಡಿ ನೋಡಿ. ಐದೇ ಸಲದಲ್ಲಿ ದಾಟಿಸಬೇಕು."

ಕನ್ನಡಕ ಸರಿಮಾಡಿಕೊಂಡು ಕೂತರು. ಮೂಲೆಯಲ್ಲಿದ್ದ 'ಹಸಿವು: 0' ಡಬ್ಬಿಯನ್ನು ಎರಡು ಸಲ ಓದಿದರು. ಆಮೇಲೆ ಮೌಸ್ ಹಿಡಿದ ಕೈ ಸೀದಾ ಹಸುವಿನ ಹತ್ತಿರ ಹೋಯಿತು.